ಲೈಸೆನ್ಸ್ ಇಲ್ಲದ ಸ್ವಿಚ್ಚು

ಹಿರಿಯೂರಿನ ಹೈವೇ ಪಕ್ಕದ ನರ್ಸಿಂಗ್ ಹೋಮ್ ಒಂದರಲ್ಲಿ ಕಂಪ್ಯೂಟರ್ ಜಾಲ ಹಾಕಿಕೊಡುವ ಕೆಲಸ ಸಿಕ್ಕಾಗ ನಾನು ಚಿತ್ರದುರ್ಗದಲ್ಲಿ ಸ್ವಂತ ಅಂಗಡಿ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ನನ್ನಂಥ ಹೆಂಗಸೊಬ್ಬಳು ಏಣಿ ಹತ್ತಿ ಕೇಬಲ್ ಎಳೆಯುವುದನ್ನು ನೋಡಿ ಹೊರಗೆ ಕೂತಿದ್ದ ರೋಗಿಗಳು ತಮ್ಮ ನೋವನ್ನು ಸ್ವಲ್ಪ ಹೊತ್ತು ಮರೆಯುತ್ತಿದ್ದರು. ಆಸ್ಪತ್ರೆ ಒಬ್ಬ ವೈದ್ಯೆಯದು. ವ್ಯವಹಾರವೆಲ್ಲ ಅವರ ಅಣ್ಣನ ಕೈಯಲ್ಲಿ. ಮಾರಿಕಣಿವೆಯ ನೀರಾವರಿ ಕಚೇರಿಯಿಂದ ನಿವೃತ್ತರಾಗಿ ಬಂದ ಅವರನ್ನು ಎಲ್ಲರೂ ಮ್ಯಾನೇಜರ್ ಎಂದೇ ಕರೆಯುತ್ತಿದ್ದರು.

ಲ್ಯಾಬು, ಬಿಲ್ಲಿಂಗು, ವಾರ್ಡು ಮೂರೂ ಬೇರೆ ಬೇರೆ ಜಾಲಗಳಾಗಿರಬೇಕು, ಆದರೆ ಲ್ಯಾಬಿನ ರಿಪೋರ್ಟು ಡಾಕ್ಟರ ಮೇಜಿಗೆ ತಲುಪಬೇಕು. ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ಚು ಎನ್ನುತ್ತಾರೆ; ಈ ಕೆಲಸಕ್ಕೆ ತಕ್ಕ ಸ್ವಿಚ್ಚಿನ ಮಾದರಿಯ ಹೆಸರು ಬರೆದುಕೊಟ್ಟಿದ್ದೆ. ಮ್ಯಾನೇಜರು ಅದನ್ನು ನನ್ನ ಕೈಲಿ ತರಿಸದೆ, ಯಾರೋ ಪರಿಚಯದವರ ಮೂಲಕ ಅಗ್ಗಕ್ಕೆ ತರಿಸಿ, ಗೆದ್ದವರ ಮುಖದಲ್ಲಿ ನನ್ನ ಮುಂದಿಟ್ಟರು. ಹೆಸರೆಲ್ಲ ಸರಿಯಿತ್ತು, ಕೊನೆಯ ಅಕ್ಷರ ಮಾತ್ರ ಬೇರೆ.

ಆ ಒಂದು ಅಕ್ಷರದ ಅರ್ಥ ಹೇಳುವುದರಲ್ಲಿ ನನಗೆ ಸಾಕುಬೇಕಾಯಿತು. ಯಂತ್ರ ಎರಡೂ ಒಂದೇ; ಒಳಗಿನ ಸಾಫ್ಟ್‌ವೇರೂ ಒಂದೇ. ಆದರೆ ಇದರ ಲೈಸೆನ್ಸು ಕೆಳಗಿನ ದರ್ಜೆಯದು. ಜಾಲಗಳನ್ನು ಬೇರೆ ಮಾಡಲು ಅನುಮತಿ ಉಂಟು, ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸಲು ಇಲ್ಲ.

"ಹಂಗಾದ್ರೆ ಆ ಕೆಲ್ಸ ಇದ್ರೊಳಗೆ ಐತಾ ಇಲ್ವಾ?" ಎಂದು ಮ್ಯಾನೇಜರು ಕೇಳಿದರು.

"ಐತೆ ಸರ್. ಬೀಗ ಹಾಕ್ಯಾರೆ."

"ದುಡ್ಡು ಕೊಟ್ಟು ತಂದಿರೋದು ನಾವು. ನಮ್ಮ ಪೆಟ್ಟಿಗೆಗೆ ಅವ್ರ ಬೀಗ ಯಾಕಮ್ಮ?"

ಮೇಲಿನ ದರ್ಜೆಯನ್ನು ಸ್ವಲ್ಪ ಕಾಲ ಪುಕ್ಕಟೆ ಬಳಸಿ ನೋಡುವ ಅವಕಾಶವಿತ್ತು. ಅದನ್ನೇ ಚಾಲೂ ಮಾಡಿದೆ. ರಿಪೋರ್ಟುಗಳು ಡಾಕ್ಟರ ಮೇಜಿಗೆ ಸರಾಗವಾಗಿ ಹೋಗತೊಡಗಿದವು. ಅವಧಿ ಮುಗಿಯುವುದರೊಳಗೆ ಲೈಸೆನ್ಸು ಕೊಳ್ಳಲೇಬೇಕೆಂದು ಹೇಳಿ, ಮುಗಿದ ಮೇಲೂ ಈ ಮಾದರಿ ಒಮ್ಮೆ ಆರಿ ಹೊತ್ತಿಕೊಳ್ಳುವವರೆಗೆ ಕೆಲಸ ಮಾಡುತ್ತಿರುತ್ತದೆ, ಆಮೇಲೆ ನಿಲ್ಲುತ್ತದೆ ಎಂದು ಎಚ್ಚರಿಸಿದೆ. ಅವರು ಕೇಳಿಸಿಕೊಂಡದ್ದು ಇಷ್ಟು: ಆರಿಸಬಾರದು.

ಮುಂದಿನ ಸಲ ಹೋದಾಗ ಆ ಸ್ವಿಚ್ಚು ಆಸ್ಪತ್ರೆಯ ಅತಿ ಗಂಭೀರ ರೋಗಿಯಾಗಿತ್ತು. ಅದಕ್ಕೆಂದೇ ಹೊಸ ಯುಪಿಎಸ್ ಬಂದಿತ್ತು, ಗೋಡೆಗೆ ಫ್ಯಾನು ಬಂದಿತ್ತು. ವಾರ್ಡಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಬಾಣಂತಿಯೊಬ್ಬಳ ತಾಯಿ, ಒಳಗೆ ಯಾರನ್ನು ಮಲಗಿಸಿದ್ದೀರಿ ಎಂದು ನರ್ಸನ್ನು ಕೇಳಿದ್ದಳಂತೆ. ಪುಕ್ಕಟೆ ಅವಧಿ ಮುಗಿದೂ ಹೋಯಿತು. ನಾನು ಫೋನ್ ಮಾಡಿ ನೆನಪಿಸಿದಾಗಲೆಲ್ಲ ಮ್ಯಾನೇಜರು, ನಡೀತಾ ಐತಲ್ಲಮ್ಮ ಎಂದು ನಗುತ್ತಿದ್ದರು.

ಕೊನೆಗೆ ಆಯುಧಪೂಜೆ ಬಂತು. ಎಕ್ಸ್‌ರೇ ಯಂತ್ರಕ್ಕೆ, ಆಂಬುಲೆನ್ಸಿಗೆ, ಸ್ಕ್ಯಾನಿಂಗಿಗೆ ಎಲ್ಲಕ್ಕೂ ಹೂವು ಕುಂಕುಮ ಆಯಿತು. ಇಷ್ಟು ನಿಯತ್ತಿನಿಂದ ದುಡಿಯುವ ಸ್ವಿಚ್ಚನ್ನು ಹೇಗೆ ಬಿಡುವುದು? ಸಿಬ್ಬಂದಿಯ ಕೈಗೆ ಕೊಟ್ಟರೆ ಆರಿಸಿಬಿಟ್ಟಾರೆಂದು ಮ್ಯಾನೇಜರು ತಾವೇ ಬಟ್ಟೆ ಹಿಡಿದು ಧೂಳು ಒರೆಸಿದರು. ಹಿಂಭಾಗ ಒರೆಸುವಾಗ ಪವರ್ ವೈರು ಸಡಿಲವಾಗಿ ಕೈಗೆ ಬಂತು. ತಕ್ಷಣ ಸಿಕ್ಕಿಸಿದರು. ಸ್ವಿಚ್ಚು ಹಸಿರು ದೀಪ ಬೆಳಗಿಸಿ ಎದ್ದಿತು, ತನ್ನ ದರ್ಜೆಗೆ ತಕ್ಕಷ್ಟೇ ಕೆಲಸ ಮಾಡುತ್ತೇನೆಂದು ಕೂತಿತು.

ನಾನು ಬಸ್ಸು ಹಿಡಿದು ತಲುಪುವಷ್ಟರಲ್ಲಿ ನರ್ಸುಗಳು ರಿಪೋರ್ಟು ಹಿಡಿದು ಮೆಟ್ಟಿಲು ಹತ್ತಿಳಿಯುತ್ತಿದ್ದರು. ವೈದ್ಯೆ ಸ್ವಿಚ್ಚಿನ ಕೋಣೆಯಲ್ಲೇ ನಿಂತಿದ್ದರು. ಪುಕ್ಕಟೆ ಅವಧಿಯ ವಿಷಯ ಅವರ ಕಿವಿಗೆ ಬಿದ್ದಿರಲೇ ಇಲ್ಲ. ಅಣ್ಣ ಪಕ್ಕದಲ್ಲಿ ಪವರ್ ವೈರನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದರು; ನಾನೇ ಎಲ್ಲವನ್ನೂ ವಿವರಿಸಿದೆ. ವೈದ್ಯೆಗೆ ಅರ್ಥವಾಗಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಅಂದ್ರೆ ವಿದ್ಯೆ ಐತೆ, ಮಾಡಂಗಿಲ್ಲ. ಎಂಬಿಬಿಎಸ್ ಮುಗ್ಸಿ ರಿಜಿಸ್ಟ್ರೇಷನ್ ಆಗೋತನಕ ನಾನೂ ಹಿಂಗೇ ಕುಂತಿದ್ದೆ. ಲೈಸೆನ್ಸ್ ತಗಂಡ್ಬಿಡಣ್ಣ."

ಹಬ್ಬದ ರಜೆ ಕಳೆದ ಮೇಲೆ ಲೈಸೆನ್ಸು ಕೊಂಡದ್ದಾಯಿತು. ಅದನ್ನು ಚಾಲೂ ಮಾಡಲು ಸ್ವಿಚ್ಚು ಇಂಟರ್ನೆಟ್ ಮೂಲಕ ಕಂಪನಿಯನ್ನು ಕೇಳಬೇಕಿತ್ತು. ಆಸ್ಪತ್ರೆಯ ಇಂಟರ್ನೆಟ್ಟೋ, ಅದೂ ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಯೇ ಬರಬೇಕಾದ್ದರಿಂದ, ಲೈಸೆನ್ಸು ಚಾಲೂ ಆದರೆ ಮಾತ್ರ ಬರುವಂತಿತ್ತು. ಮ್ಯಾನೇಜರ ಮೊಬೈಲಿನ ಇಂಟರ್ನೆಟ್ ಹಿಡಿದು ಕೆಲಸ ಮುಗಿಸಿದೆ. ಅವರು ಬಾಗಿಲ ಕಡೆ ನೋಡುತ್ತಾ, ಸಾಮಾನು ಯಾವಾಗ ಬರುತ್ತದೆ ಎಂದು ಕೇಳಿದರು. ಬಂದಾಯಿತು ಎಂದೆ. ಸ್ವಿಚ್ಚಿನ ಸುತ್ತಲೂ ಕಣ್ಣಾಡಿಸಿದರು. ಹೊಸದೇನೂ ಕಾಣಲಿಲ್ಲ. ಕೆಲವು ವರ್ಷಗಳಾದ ಮೇಲೆ ಇದನ್ನೂ ನವೀಕರಿಸಬೇಕು ಎಂದಾಗ ಮಾತ್ರ, ಸರ್ಕಾರಿ ಕಚೇರಿಯಲ್ಲಿ ಆಯುಷ್ಯ ಕಳೆದ ಆ ಮನುಷ್ಯ ಮೊದಲ ಬಾರಿಗೆ ಆ ಕಂಪನಿಯ ಬಗ್ಗೆ ಗೌರವದಿಂದ ತಲೆದೂಗಿದರು.

ಆಮೇಲೆ ಅವರೇ ಈ ವಿಷಯದಲ್ಲಿ ಊರಿನ ಪಂಡಿತರಾದರು. ಹೊಳಲ್ಕೆರೆಯ ಶಾಲೆಯೊಂದರ ಕಾರ್ಯದರ್ಶಿ ಅವರ ಸಲಹೆ ಕೇಳಿ ಸ್ವಿಚ್ಚು ತರಿಸಿ, ಜೋಡಿಸಿಕೊಡಲು ನನ್ನನ್ನು ಕರೆದರು. ಪೆಟ್ಟಿಗೆ ಬಿಚ್ಚಿದೆ. ಅತಿ ದೊಡ್ಡ ದರ್ಜೆಯ ಲೈಸೆನ್ಸು. ಒಂದು ಜಿಲ್ಲೆಯ ಕಚೇರಿಗಳನ್ನೆಲ್ಲ ಬೆಸೆಯಬಹುದಾದಷ್ಟು ವಿದ್ಯೆ, ಒಂದಕ್ಕೂ ಬೀಗವಿಲ್ಲ. ಕಂಪ್ಯೂಟರ್‌ಗಳು ಎಲ್ಲಿ ಎಂದು ಕೇಳಿದೆ. ಕಾರ್ಯದರ್ಶಿ ಮೂಲೆಯ ಮೇಜು ತೋರಿಸಿದರು. ಅಲ್ಲಿ ಒಂದು ಕಂಪ್ಯೂಟರು, ಪಕ್ಕದಲ್ಲಿ ಒಂದು ಪ್ರಿಂಟರು ಇತ್ತು.