ಮೂರು ಸಲ ಕೂಗಿ ಕಾಯಿ ಕೆಡವುತ್ತಿದ್ದವರು

ಅವರ ಎರಡೂ ಪಾದಗಳ ಮೇಲೆ ಕಪ್ಪು ಗೆರೆ ಬಳೆಯಂತೆ ಕಟ್ಟಿತ್ತು. ಕಾಲಿಗೆ ಹಗ್ಗದ ಕುಣಿಕೆ ಹಾಕಿ ತೆಂಗಿನ ಮರ ಹತ್ತಿ ಹತ್ತಿ ಆದ ಜಡ್ಡು ಅದು. ತಿ. ನರಸೀಪುರದ ಹತ್ತಿರವಿದ್ದ ನಮ್ಮ ತೋಟಕ್ಕೆ ಎಷ್ಟೋ ವರ್ಷ ಕಾಯಿ ಕೀಳಲು ಬಂದವರು ಅವರೊಬ್ಬರೇ. ಗೊನೆಗೆ ಮಚ್ಚು ಇಡುವ ಮೊದಲು ಮೇಲಿನಿಂದ ಮೂರು ಸಲ ಕೂಗುತ್ತಿದ್ದರು: "ತಲೆ! ತಲೆ! ತಲೆ!" ಕೆಳಗೆ ನಾನೊಬ್ಬನೇ ಇದ್ದರೂ ಅಷ್ಟೇ.

"ನಂಗೆ ಕಿವಿ ಕೇಳ್ತದೆ ಕಣಯ್ಯ" ಎಂದರೆ, "ಕೇಳ್ತದೆ ಸಾ, ನೀವು ಅಲ್ಲಾಡಬೇಕಲ್ಲ!" ಎಂದು ನಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ನಮ್ಮದೇ ಮರದಿಂದ ಜಾರಿ, ಕೂತ ಭಂಗಿಯಲ್ಲೇ ನೆಲಕ್ಕೆ ಅಪ್ಪಳಿಸಿದರು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಅವರಿಗೆ ಮಾತಿರಲಿಲ್ಲ. ಡಾಕ್ಟರು ಹೈಸ್ಕೂಲು ಓದಿದ ನನ್ನನ್ನು ಒಳಗೆ ಕರೆದು, ಚೀಟಿಯ ಮೇಲೆ ಚಿತ್ರ ಬರೆದರು. ಬೆನ್ನುಮೂಳೆಯ ಬುಡದ ತ್ರಿಕೋನದ ಮೂಳೆ ಹಲವು ಕಡೆ ಒಡೆದು, ಬೆನ್ನಿಗೂ ಸೊಂಟಕ್ಕೂ ಕೊಂಡಿ ತಪ್ಪಿದೆ. ಎರಡೂ ಕಡೆ ಸ್ಕ್ರೂ ಹಾಕಿ, ರಾಡಿನಿಂದ ಜೋಡಿಸಿ, ಅಡ್ಡಕ್ಕೆ ಇನ್ನೊಂದು ಉದ್ದ ಸ್ಕ್ರೂ ಬಿಗಿಯಬೇಕು.

"ಒಳಗೆ ನರ ಸಿಕ್ಕೊಂಡಿದೆ. ಬೇಗ ಬಿಡಿಸದೆ ಹೋದ್ರೆ ಮೂತ್ರ, ಮಲ ಹಿಡಿತದಲ್ಲಿರಲ್ಲ. ಮನೆಯವ್ರಿಗೆ ಬಿಡಿಸಿ ಹೇಳಿ."

ಹೊರಗೆ ಅವರ ಹೆಂಡತಿ ನಿಂತಿದ್ದರು. "ಏನಂದ್ರಣ್ಣ?"

ಪರರ ಹೆಂಡತಿಯ ಎದುರು ಅವಳ ಗಂಡನ ಉಚ್ಚೆಯ ಮಾತು ಆಡುವುದು ಹೇಗೆ? "ಸೊಂಟಕ್ಕೆ ಕಬ್ಬಿಣ ಹಾಕ್ತಾರಂತೆ ಕಣವ್ವ" ಎಂದಷ್ಟೇ ಹೇಳಿದೆ.

"ಅಯ್ಯೋ, ಕಬ್ಬಿಣ ಬ್ಯಾಡ ಕಣಣ್ಣ! ನಂಜನಗೂಡು ತಾವ ಮೂಳೆ ಕಟ್ಟೋರವ್ರೆ, ಅಲ್ಗೇ ಓಗವ."

ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆಂಬ ಪತ್ರ ನಾನೇ ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದರು.

"ಎಲ್ಲಾ ಹೇಳಿದ್ರಾ?" ಡಾಕ್ಟರು ಕೇಳಿದರು.

"ಹೇಳಿದೆ ಸಾರ್."

ನಂಜನಗೂಡಿನ ಬಳಿ ಮೊಟ್ಟೆ, ಸೊಪ್ಪು ಹಚ್ಚಿ ಪಟ್ಟು ಕಟ್ಟಿಸಿದೆವು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಹಿಡಿತ ಮರಳಲಿಲ್ಲ. ಕೆಲವು ತಿಂಗಳ ಮೇಲೆ ಮತ್ತೆ ಮೈಸೂರಿಗೆ ಓಡಿದಾಗ, ಆ ನರ ಇನ್ನು ಚಿಗುರುವುದು ಕಷ್ಟ ಎಂದು ಡಾಕ್ಟರು ತಲೆಯಾಡಿಸಿದರು.

ಆರು ವರ್ಷ ಹಾಸಿಗೆಯಲ್ಲಿದ್ದರು. ನಾನು ಹೋದಾಗ ಬಟ್ಟೆ ಬದಲಿಸುವ ಹೊತ್ತಾದರೆ, "ವಸಿ ಒರಗೆ ಓಗಿ ಸಾ, ನಿಮ್ಗೆ ಅಸಹ್ಯ" ಎನ್ನುತ್ತಿದ್ದರು. ನಾನು ಹೊರಗೆ ನಿಲ್ಲುತ್ತಿದ್ದೆ. ನಾನು ಬಾಯಲ್ಲಿ ಹೇಳಲು ನಾಚಿದ್ದನ್ನು ಆಕೆ ಒಳಗೆ ಕೈಯಲ್ಲಿ ಬಳಿಯುತ್ತಿದ್ದರು.

ಕೊನೆಗೆ ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಆಕೆ ನನಗೆ ಕೈಮುಗಿದು, "ಆಸ್ಪತ್ರೇಲಿ ನೀವಿಲ್ದಿದ್ರೆ ನಮ್ಗೆ ಯಾರಣ್ಣ ದಿಕ್ಕಿದ್ರು" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕೂಗಿ ಎಚ್ಚರಿಸದೆ ಆ ಮನುಷ್ಯ ಒಂದು ಕಾಯಿಯನ್ನೂ ಕೆಡವಿದವರಲ್ಲ.