ಹಿಮ್ಮಡಿ ನೋವು ಮತ್ತು ಗಂಡನ ಬೆವರು

ಗಂಡನ ಬೆವರು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬೇರೆ ಹೆಂಗಸರು ಗಂಡನ ಫೋನಿನ ಮೇಲೆ ಕಣ್ಣಿಡುತ್ತಾರೆ, ಗಂಡ ತನ್ನ ತಂಗಿಗೆ ಕೊಡಿಸಿದ ಸೀರೆಯ ಮೇಲೆ ಕಣ್ಣಿಡುತ್ತಾರೆ. ನಾನು ಬೆಳಿಗ್ಗೆ ಬಚ್ಚಲ ಬಾಗಿಲಿಗೆ ನೇತುಹಾಕಿದ ಅವರ ಬನಿಯನ್ನು ನೋಡುತ್ತೇನೆ. ಅದು ಬೆನ್ನಿನ ಕಡೆ ಪೂರ್ತಿ ತೊಯ್ದಿದ್ದರೆ ಆ ದಿನ ನನಗೆ ಚಹಾ ರುಚಿಸುವುದಿಲ್ಲ. ಬರೀ ಕಂಕುಳಲ್ಲಿ ಒದ್ದೆಯಾಗಿದ್ದರೆ, ಇವತ್ತು ಅಷ್ಟೇನೂ ಓಡಿಲ್ಲ ಎಂದು ಸಮಾಧಾನವಾಗಿ ಒಂದು ದೋಸೆ ಹೆಚ್ಚು ತಿನ್ನುತ್ತೇನೆ. ಇದನ್ನು ಯಾರ ಮುಂದೆಯೂ ಹೇಳಿಕೊಂಡಿಲ್ಲ. ನೀವು ನಮ್ಮ ಓಣಿಯವರಲ್ಲ ಎಂಬ ಧೈರ್ಯದಿಂದ ನಿಮಗೆ ಹೇಳುತ್ತಿದ್ದೇನೆ.

ವಿಷಯ ಏನೆಂದರೆ, ನಮ್ಮ ಮನೆಯಲ್ಲಿ ಓಡುವವಳು ನಾನು. ಹೊಸಪೇಟೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಲೈನಿಂಗು, ಫಾಲು, ಲೇಸು, ಗುಂಡಿ ಮಾರುತ್ತೇನೆ. ಕೆಲವು ವರ್ಷಗಳ ಹಿಂದೆ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲವರೆಗೆ ಬಂದು ನಿಂತಿದೆ, ದಿನಾ ನಡೆಯಿರಿ ಎಂದರು. ನಡೆಯಲು ಹೋದೆ. ಜೊತೆಗೆ ನಡೆಯುತ್ತಿದ್ದವರೆಲ್ಲ ಸೊಸೆಯಂದಿರ ಸುದ್ದಿಯನ್ನೇ ಮಾತಾಡುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಲು ಸ್ವಲ್ಪ ಜೋರಾಗಿ ಹೆಜ್ಜೆ ಹಾಕಿದೆ, ಅದು ಹಾಗೇ ಓಟವಾಯಿತು. ನಮ್ಮ ಅತ್ತೆ ಮೊದಲ ದಿನವೇ ಕೇಳಿದ್ದರು, "ಯಾರು ಬೆನ್ನು ಹತ್ಯಾರಂತ ಹಂಗ ಓಡ್ತೀಯವ್ವಾ?" ಕಾಲುವೆ ರಸ್ತೆಯಲ್ಲಿ ಕಮಲಾಪುರದ ಕಡೆ ಓಡುವಾಗ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಬಾಳೆತೋಟ, ಎದುರಿಗೆ ಹಂಪಿಯ ಬಂಡೆಗಳ ಮೇಲೆ ಏರುವ ಬಿಸಿಲು ಇರುವಾಗ ಅಂಥ ಪ್ರಶ್ನೆಗೆ ಉತ್ತರ ಬೇಕು ಎಂದೂ ಅನಿಸುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಮನೆಯಲ್ಲಿ ನಾನು ಸೊಸೆ. ಅಂಗಡಿಯಲ್ಲಿ ಮ್ಯಾಚಿಂಗ್ ಅಕ್ಕ. ಕಂಪ್ಲಿಯಲ್ಲಿರುವ ನಮ್ಮ ಅಕ್ಕಿ ಗಿರಣಿಗೆ ಹೋದರೆ ಹಮಾಲರ ಬಾಯಲ್ಲಿ ಸಾವ್ಕಾರ್ತಿ. ಬೆಳಿಗ್ಗೆ ಓಡುವ ನಮ್ಮ ಸಣ್ಣ ಗುಂಪಿನಲ್ಲಿ ಮಾತ್ರ ನಾನು ಮಂಗಳಾ. ಶಾಲೆಯ ಟೀಚರ್ ಶಹನಾಜ್, "ಮಂಗಳಾ, ಇವತ್ತು ಎಷ್ಟು ದೂರ?" ಎಂದು ಕೇಳಿದರೆ ನನಗೆ ಹೈಸ್ಕೂಲಿನ ಹಾಜರಿ ಕೂಗಿದಂತೆ ಖುಷಿಯಾಗುತ್ತಿತ್ತು. ಓಟ ಎಂದರೆ ನನಗೆ ಅಷ್ಟು. ಅದೊಂದೇ ಪೂರ್ತಿ ನನ್ನದು ಎಂದುಕೊಂಡಿದ್ದೆ.

ನಮ್ಮನೆಯವರದು ಆಗ ಬೇರೆ ಪಾತ್ರ. ಅವರು ಸ್ಕೂಟರಿನ ಮೇಲೆ ನನ್ನ ಹಿಂದೆ ಬರುತ್ತಿದ್ದರು. ಗುಂಪು ಸೇರುವ ತನಕ ಒಬ್ಬಳೇ ಹೆಂಗಸು ಕತ್ತಲಲ್ಲಿ ಹೊರಡುವುದು ಸರಿಯಲ್ಲ, ನಾಯಿಗಳಿವೆ, ದರೋಜಿ ಕರಡಿಧಾಮದ ಕಡೆಯಿಂದ ಕರಡಿ ಬಂದರೂ ಬಂದೀತು ಎಂಬುದು ಅವರ ವಾದ. ಮಂಕಿಕ್ಯಾಪ್ ಹಾಕಿಕೊಂಡು, ಮುಂದೆ ನೀರಿನ ಬಾಟಲಿ ಮತ್ತು ಬಾಳೆಹಣ್ಣಿನ ಚೀಲ ಇಟ್ಟುಕೊಂಡು, ನಾಯಿಗೆಂದು ಒಂದು ಕೋಲು ಸಿಕ್ಕಿಸಿಕೊಂಡು ನನ್ನ ವೇಗಕ್ಕೆ ತಕ್ಕಂತೆ ಗಾಡಿ ಓಡಿಸುತ್ತಿದ್ದರು. ಅಷ್ಟು ನಿಧಾನ ಹೋಗುವುದು ಸ್ಕೂಟರಿಗೂ ಕಷ್ಟ, ಅವರಿಗೂ ಕಷ್ಟ. ಎದುರಿಗೆ ಬಂದ ಹಾಲಿನವರು, ಗಂಡ ಅಟ್ಟಿಸಿಕೊಂಡು ಬರುತ್ತಿದ್ದಾನೆ ಎಂದು ಗಾಡಿ ನಿಲ್ಲಿಸಿ ಪಂಚಾಯ್ತಿಗೆ ಇಳಿದದ್ದೂ ಉಂಟು.

ಹೀಗಿರುವಾಗ ನನ್ನ ಬಲಗಾಲಿನ ಹಿಮ್ಮಡಿ ಕೈಕೊಟ್ಟಿತು. ಹಿಮ್ಮಡಿ ಕೈ ಕೊಡುವುದು ಎಂದರೇನು ಎಂದು ನಗಬೇಡಿ, ನೋವು ಬಂದವರಿಗೆ ಗೊತ್ತು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಮೊಳೆಯ ಮೇಲೆ ಕಾಲಿಟ್ಟಂತಾಗುತ್ತದೆ. ಹತ್ತು ಹೆಜ್ಜೆ ಇಟ್ಟರೆ ನೋವು ಮಾಯ. ಮಾಯವಾಯಿತಲ್ಲ ಎಂದು ನಾನು ಓಡಿದೆ. ಮರುದಿನ ಮತ್ತೆ ಮೊಳೆ, ಮತ್ತೆ ಓಟ. ಮಳೆ ನಿಂತ ಮೇಲೆ ಸಂಡೂರಿನಲ್ಲಿ ನಡೆಯುವ ಬೆಟ್ಟದ ಓಟಕ್ಕೆ ಹೆಸರು ಕೊಟ್ಟಿದ್ದೆನಲ್ಲ, ನಿಲ್ಲಲು ಮನಸ್ಸಿರಲಿಲ್ಲ. ಕೊನೆಗೊಂದು ದಿನ ಮೊಳೆ ಮಾಯವಾಗಲೇ ಇಲ್ಲ. ಡಾಕ್ಟರು ಹಿಮ್ಮಡಿಯನ್ನು ಹೆಬ್ಬೆರಳಲ್ಲಿ ಒತ್ತಿದರು, ನಾನು ಮಂಚದಿಂದ ಅರ್ಧ ಎದ್ದೆ. "ಓಡೋದು ಬಂದ್ ಮಾಡ್ರಿ" ಎಂದರು. ಎಷ್ಟು ದಿನ ಎಂದರೆ, "ಕಾಲು ಹೇಳಬೇಕು, ನಾನಲ್ಲ" ಎಂದರು.

ಹಿಮ್ಮಡಿ ನೋವಿನ ದೊಡ್ಡ ದುಃಖವೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಅದೇ ತಿಂಗಳು ಎದುರು ಮನೆಯ ಗಂಗಮ್ಮನವರು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. ಮೊಣಕೈವರೆಗೆ ಬಿಳಿ ಪ್ಲಾಸ್ಟರು. ಊರೇ ಅವರನ್ನು ನೋಡಲು ಬಂತು. ಮೋಸಂಬಿ, ಬ್ರೆಡ್ಡು, ಎಳನೀರು, ಒಬ್ಬರಂತೂ ಮರಿಯಮ್ಮನಹಳ್ಳಿಯಿಂದ ದಾಳಿಂಬೆ ಬುಟ್ಟಿಯನ್ನೇ ತಂದಿದ್ದರು. ನನ್ನನ್ನು ನೋಡಲು ಬಂದವರು ಯಾರೂ ಇಲ್ಲ. ಗಂಗಮ್ಮನವರಿಗೆ ಎಳನೀರು ಕೊಟ್ಟು ಮೆಟ್ಟಿಲಿಳಿದವರು ನನ್ನ ಕುಂಟು ನೋಡಿ, ಚಪ್ಪಲಿ ಕಚ್ಚಿತೇನೋ ಎಂದು ಕೇಳಿ ಹೋದರು. ನಾನು ಕಿಟಕಿಯಲ್ಲಿ ನಿಂತು ಆ ಪ್ಲಾಸ್ಟರನ್ನು ಆಸೆಗಣ್ಣಿನಿಂದ ನೋಡಿದ್ದೇನೆ. ಅತ್ತೆ ಮಾತ್ರ ದಿನಾ ಸಂಜೆ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕೆ ಎಲೆ ಹಾಸಿ, "ಒತ್ತಿ ಹಿಡಿ, ಸುಟ್ರೂ ಬಿಡಬ್ಯಾಡ" ಎಂದು ನನ್ನ ಕಾಲು ಹಿಡಿದು ಕೂರುತ್ತಿದ್ದರು. ಅತ್ತೆಯಿಂದ ಕಾಲು ಹಿಡಿಸಿಕೊಂಡ ಸೊಸೆಯರು ನಮ್ಮ ಕಡೆ ಹೆಚ್ಚಿಲ್ಲ, ಅದನ್ನಾದರೂ ಲಾಭದ ಲೆಕ್ಕಕ್ಕೆ ಬರೆದುಕೊಂಡೆ.

ಇಷ್ಟಾದರೆ ಸಹಿಸುತ್ತಿದ್ದೆ. ಆದರೆ ನಸುಕಿನಲ್ಲಿ ಏಳುವ ಚಟ ನಮ್ಮನೆಯವರಿಗೆ ಹತ್ತಿಬಿಟ್ಟಿತ್ತು. ನಾನು ಮಲಗಿದ್ದರೂ ಅವರಿಗೆ ಎಚ್ಚರ. ಎದ್ದು ಏನು ಮಾಡುವುದು ಎಂದು ಒಂದೆರಡು ದಿನ ಒಬ್ಬರೇ ಸ್ಕೂಟರಿನಲ್ಲಿ ಕಾಲುವೆ ರಸ್ತೆ ಸುತ್ತಿ ಬಂದರು. ಮೂರನೆಯ ದಿನ ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಹೋದರು. ತಿರುಗಿ ಬಂದಾಗ ಮುಖ ಕೆಂಪಗಾಗಿತ್ತು, ಬನಿಯನ್ನು ಮೈಗೆ ಅಂಟಿತ್ತು. "ಸುಮ್ನ ಒಂದೀಟು ಓಡಿ ನೋಡಿದೆ" ಎಂದರು. ಆ "ಒಂದೀಟು" ದಿನದಿಂದ ದಿನಕ್ಕೆ ಬೆಳೆಯಿತು. ಮೊದಲು ನನ್ನ ರಸ್ತೆ ಹೋಯಿತು, ಆಮೇಲೆ ನನ್ನ ಗುಂಪು ಹೋಯಿತು, ಆಮೇಲೆ ಓಟ ಮುಗಿಸಿ ನಾವು ಕೂರುತ್ತಿದ್ದ ಚಹಾದಂಗಡಿಯ ಕಟ್ಟೆಯ ಮೇಲೆ ನನ್ನ ಜಾಗವೂ ಹೋಯಿತು. ಶಹನಾಜ್ ಫೋನ್ ಮಾಡಿ, "ಭಾಯಿ ಭಾಳ ಮಸ್ತ್ ಓಡ್ತಾರ ಮಂಗಳಾ" ಎಂದಾಗ ಫೋನು ಬಿಸಿಯಾದದ್ದು ಬ್ಯಾಟರಿಯಿಂದಲ್ಲ.

ಭಾನುವಾರಗಳಂದು ಅವರು ದೂರ ಓಡುತ್ತಾರೆ. "ನೀನೂ ಬಾ, ಮನಿಯಾಗ ಕುಂತು ಏನ್ ಮಾಡ್ತಿ" ಎಂದು ಒತ್ತಾಯ ಮಾಡಿದರು. ಹೋದೆ, ಸ್ಕೂಟರಿನ ಮೇಲೆ. ಅವರು ಮುಂದೆ, ನಾನು ಹಿಂದೆ. ನೀರು, ಬಾಳೆಹಣ್ಣು, ಕೋಲು ಎಲ್ಲ ನನ್ನ ಬಳಿ. ಹಿಂದಿನಿಂದ ನೋಡುವಾಗ ಅವರ ಓಟ ಎಷ್ಟು ಕೆಟ್ಟದ್ದು ಎಂದು ಕಾಣುತ್ತದೆ. ಮೊಣಕೈ ಎರಡೂ ಆಚೆ ಚಾಚಿರುತ್ತವೆ, ಪಾದಗಳು ಪೂರ್ವಕ್ಕೊಂದು ಪಶ್ಚಿಮಕ್ಕೊಂದು ನೋಡುತ್ತವೆ. ನಾನು ಓಡುವ ಮೊದಲು ಮೈ ಸಡಿಲಿಸುತ್ತಿದ್ದೆ, ಓಡಿದ ಮೇಲೆ ಗೋಡೆಗೆ ಕೈಯೂರಿ ಕಾಲು ಚಾಚುತ್ತಿದ್ದೆ, ರಾಗಿ ಗಂಜಿ ಕುಡಿಯುತ್ತಿದ್ದೆ, ಶೂ ಕೊಳ್ಳುವ ಮೊದಲು ಮಗಳಿಗೆ ಗಂಡು ನೋಡಿದಷ್ಟು ವಿಚಾರಿಸುತ್ತಿದ್ದೆ. ಅವರು ಗಿರಣಿಗೆ ಹಾಕಿಕೊಂಡು ಹೋಗುವ ಹಳೇ ಕ್ಯಾನ್ವಾಸಿನಲ್ಲಿ ಓಡುತ್ತಾರೆ. ಓಟ ಮುಗಿದ ಕೂಡಲೇ ನಾಲ್ಕು ಮಿರ್ಚಿ, ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಸಕ್ಕರೆ ಜಾಸ್ತಿ ಹಾಕಿದ ಚಹಾ. ಅವರಿಗೆ ಒಂದು ಉಗುರೂ ನೋಯುವುದಿಲ್ಲ. ದೇವರು ಇದ್ದಾನೆಯೇ ಎಂಬ ಅನುಮಾನ ನನಗೆ ಮೊದಲ ಬಾರಿ ಬಂದದ್ದು ಆ ಮಿರ್ಚಿಯ ಮುಂದೆ.

ಹಿರಿಯರು ಮನುಷ್ಯನಿಗೆ ಆರು ಶತ್ರುಗಳನ್ನು ಹೇಳಿ, ಮತ್ಸರವನ್ನು ಕೊನೆಯಲ್ಲಿ ಇಟ್ಟರು. ಯಾಕೆ ಕೊನೆಯಲ್ಲಿ ಎಂದು ಸ್ಕೂಟರಿನ ಮೇಲೆ ಕೂತು ಯೋಚಿಸಿದ್ದೇನೆ. ಉಳಿದ ಐದೂ ಸಣ್ಣ ದೂರದ ಓಟಗಾರರು. ನನ್ನ ಕೋಪ ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಆಸೆ ಅಂಗಡಿಯ ಬಾಗಿಲವರೆಗೆ ಬಂದು, ಬೆಲೆ ಕೇಳಿ ವಾಪಸ್ಸು ಹೋಗುತ್ತದೆ. ಮತ್ಸರಕ್ಕೆ ಮಾತ್ರ ದಣಿವಿಲ್ಲ, ಅದಕ್ಕೆ ಹಿಮ್ಮಡಿಯೂ ನೋಯುವುದಿಲ್ಲ, ವರ್ಷಗಟ್ಟಲೆ ಒಂದೇ ವೇಗದಲ್ಲಿ ಓಡಬಲ್ಲದು. ಒಂದು ಭಾನುವಾರ ನಮ್ಮನೆಯವರು ಹಂಪಿಯವರೆಗೆ ಓಡಿದಾಗ, ಅವರ ಬೆನ್ನು ನೋಡಿ ನೋಡಿ ಸಾಕಾಗಿ ನಾನು ಮಹಾನವಮಿ ದಿಬ್ಬದ ಬಳಿ ನಿಂತುಬಿಟ್ಟೆ. ಅಲ್ಲಿ ಕಲ್ಲಿನ ಕೆತ್ತನೆಯಲ್ಲೂ ಓಟವೇ. ಕುದುರೆಯ ಪಕ್ಕ ಓಡುವವರು, ಬೇಟೆಯ ಹಿಂದೆ ಓಡುವವರು, ಯಾರ ಕಾಲಲ್ಲೂ ನನ್ನಂಥ ದುಬಾರಿ ಶೂ ಇಲ್ಲ, ಯಾರೂ ಕುಂಟುತ್ತಿಲ್ಲ. ಶತಮಾನಗಳಿಂದ ಓಡುತ್ತಿದ್ದಾರೆ. ಅವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕಲ್ಲಿನ ಮೇಲೆ ಅಸೂಯೆಪಡುವ ಮಟ್ಟಕ್ಕೆ ಇಳಿದೆನಲ್ಲ ಎಂದು ನಾಚಿಕೆಯೂ ಆಯಿತು, ಆದರೆ ನಾಚಿಕೆ ಅರ್ಧ ಗಂಟೆಯಲ್ಲಿ ಸೋತು ಹಿಂದೆ ಬಿತ್ತು.

ಸಂಡೂರಿನ ಓಟ ಹತ್ತಿರ ಬಂತು. ಓಡುವಾಗ ಎದೆಗೆ ಸಿಕ್ಕಿಸಿಕೊಳ್ಳುವ, ನನ್ನ ಹೆಸರು ಅಚ್ಚಾದ ನಂಬರ್ ಚೀಟಿ ಮನೆಗೆ ಬಂತು. ಅದನ್ನು ಬೀರುವಿನಲ್ಲಿ, ಸೀರೆಗಳ ಕೆಳಗೆ, ಯಾರಿಗೂ ಕಾಣದಂತೆ ಇಟ್ಟೆ. ಗಿರಣಿ ನಡೆಸುವವರ ಕಣ್ಣು ನೋಡಿ, ನೆಲಕ್ಕೆ ಬಿದ್ದ ಕಾಳೂ ಅವರಿಗೆ ಕಾಣುತ್ತದೆ. "ಸುಮ್ನ ಹಾಳಾಗ್ತೈತಲ್ಲ, ನಾ ಓಡ್ಲೇನು?" ಎಂದರು. ಅದು ಇನ್ನೊಬ್ಬರಿಗೆ ನಡೆಯುವುದಿಲ್ಲ ಎಂದೆ. ಅವರು ನನ್ನೆದುರಿಗೇ ಓಟ ನಡೆಸುವವರಿಗೆ ಫೋನ್ ಮಾಡಿದರು. ಆ ಕಡೆಯವನು, "ಹೆಸರು ಅಚ್ಚಾಗೇತ್ರಿ ಅಣ್ಣಾರ, ಈಗ ಬದ್ಲಿ ಮಾಡಾಕ ಬರಂಗಿಲ್ಲ. ಅದನ್ನ ಹಾಕ್ಕೊಂಡು ಓಡ್ರಿ, ಬಹುಮಾನ ಮಾತ್ರ ಕೇಳಬ್ಯಾಡ್ರಿ" ಎಂದ. ನಮ್ಮನೆಯವರು ನನ್ನ ಮುಖ ನೋಡಿದರು. ಬೇಡ ಎಂದು ಕೂಗಬೇಕೆನಿಸಿತು. "ಓಡ್ರಿ, ನಂದೇನೈತಿ" ಎಂದೆ. ರಸ್ತೆ, ಗೆಳತಿಯರು, ಚಹಾದ ಕಟ್ಟೆ ಎಲ್ಲ ಹೋಗಿತ್ತು. ಉಳಿದಿದ್ದ ಹೆಸರನ್ನೂ ನಾನೇ ಕೈಯಾರೆ ಅವರ ಎದೆಗೆ ಪಿನ್ನು ಚುಚ್ಚಿ ಕಳಿಸಿದೆ. ಪಿನ್ನು ಒಂದು ಸಲ ಬೇಕೆಂದೇ ಸ್ವಲ್ಪ ಆಳಕ್ಕೆ ಹೋಯಿತು.

ಸಂಡೂರು ಆ ದಿನ ನನ್ನನ್ನು ಅಳಿಸಲೆಂದೇ ಚೆಂದವಾಗಿತ್ತು. ಬೆಟ್ಟವೆಲ್ಲ ಹಸಿರು, ಮೋಡ ಘಾಟಿಯ ಮೇಲೆ ಇಳಿದಿತ್ತು, ಅದಿರು ಲಾರಿಗಳನ್ನು ಬೆಳಗಿನ ಮಟ್ಟಿಗೆ ನಿಲ್ಲಿಸಿದ್ದರಿಂದ ಕೆಂಪು ರಸ್ತೆ ಖಾಲಿ ಬಿದ್ದಿತ್ತು. ನಾನು ಓಟ ಮುಗಿಯುವ ಕಮಾನಿನ ಪಕ್ಕ ಬಾಳೆಹಣ್ಣು ಹಿಡಿದು ನಿಂತೆ. ಒಬ್ಬೊಬ್ಬರು ಬಂದಾಗಲೂ ಮೈಕಿನವನು ಎದೆಯ ಚೀಟಿ ಓದಿ ಹೆಸರು ಕೂಗುತ್ತಿದ್ದ. ಬಹಳ ಹೊತ್ತಿನ ಮೇಲೆ, "ಈಗ ಬರುತ್ತಿದ್ದಾರೆ, ಹೊಸಪೇಟೆಯ ಶ್ರೀಮತಿ ಮಂಗಳಾ" ಎಂದ. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಮೀಸೆ ಹೊತ್ತ, ಮಂಡಿಯವರೆಗೆ ಕೆಮ್ಮಣ್ಣು ಮೆತ್ತಿದ ನಮ್ಮನೆಯವರು ಮೊಣಕೈ ಚಾಚಿಕೊಂಡು ಬಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹೆಸರು ಆ ಗೆರೆ ದಾಟಿತ್ತು, ನಾನು ಈಚೆ ನಿಂತಿದ್ದೆ. ಅಷ್ಟು ಹೊಟ್ಟೆಕಿಚ್ಚು ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ.

ಅವರು ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತರು. ನೀರು ಕೊಟ್ಟೆ. ಅರ್ಧ ಕುಡಿದು, ಅರ್ಧ ತಲೆಗೆ ಸುರಿದುಕೊಂಡು, ಉಸಿರು ಹತೋಟಿಗೆ ಬಂದ ಮೇಲೆ ತಲೆ ಎತ್ತದೆ ಹೇಳಿದರು:

"ಮಂಗಳಾ, ಒಂದು ಮಾತು ಹೇಳ್ತೀನಿ, ಬೈಬ್ಯಾಡ. ಇಷ್ಟು ವರ್ಷ ನಿನ್ನ ಹಿಂದ ಬರ್ತಿದ್ನಲ್ಲ, ನಂಗ ಭಾಳ ಹೊಟ್ಟಿ ಉರೀತಿತ್ತು. ನೀರು ಇಸ್ಕೊಳ್ಳಾಕ ನೀ ಹಿಂದ ತಿರುಗಿದಾಗ ನಿನ್ನ ಮಾರಿ ಮ್ಯಾಲೆ ಏನೋ ಒಂದು ಖುಷಿ ಇರ್ತಿತ್ತು. ನಮ್ಮ ಮದುವಿ ಫೋಟೋದಾಗೂ ಅದು ಇಲ್ಲ. ಕರಡಿ ಗಿರಡಿ ಎಲ್ಲಾ ನೆಪ. ನನ್ನ ಬಿಟ್ಟು ಇಷ್ಟು ಖುಷಿಯಾಗಿ ಎಲ್ಲಿಗೆ ಹೋಗ್ತಾಳ ಇಕಿ ಅಂತ ನೋಡಾಕ ಬರ್ತಿದ್ದೆ."

ನನ್ನ ಜಾಗದಲ್ಲಿ ಒಳ್ಳೆಯ ಹೆಂಡತಿ ಇದ್ದಿದ್ದರೆ ಪಾಪ ಎನ್ನುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೆ ಆದದ್ದು ಬರೀ ಸಂತೋಷ. ಇವರಿಗೆ ಹೊಟ್ಟೆ ಉರಿಯುತ್ತಿತ್ತಂತೆ! ನನ್ನ ಬೆನ್ನು ನೋಡಿ, ದಿನಾ ಬೆಳಿಗ್ಗೆ, ಮಂಕಿಕ್ಯಾಪಿನ ಒಳಗೆ! ನನ್ನ ಓಟ ಇನ್ನೊಬ್ಬರ ನಿದ್ದೆ ಕೆಡಿಸುವಷ್ಟು ಚೆಂದವಾಗಿತ್ತು ಎಂದು ಯಾವ ಪದಕವೂ ನನಗೆ ಹೇಳಿರಲಿಲ್ಲ. ಎಕ್ಕೆ ಎಲೆ, ಇಟ್ಟಿಗೆ, ಡಾಕ್ಟರ ಮಾತ್ರೆ ಯಾವುದೂ ಮಾಡದ ಕೆಲಸವನ್ನು ಆ ಮಾತು ಮಾಡಿತು. "ಭಾಳ ಉರೀತಿತ್ತೇನ್ರಿ?" ಎಂದು ಇನ್ನೊಮ್ಮೆ ಕೇಳಿದೆ. "ಭಾಳ" ಎಂದರು. ವಾಪಸ್ಸು ಬರುವಾಗ ಕಾರಿನಲ್ಲಿ ಮತ್ತೆರಡು ಸಲ ಕೇಳಿ ಹೇಳಿಸಿಕೊಂಡೆ. ಅವರ ಮಿರ್ಚಿಗೆ ನಾನೇ ದುಡ್ಡು ಕೊಟ್ಟೆ.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತು ಎಂದು ತಿಳಿಯಬೇಡಿ. ಬಚ್ಚಲ ಬಾಗಿಲಿನ ಬನಿಯನ್ನು ಈಗಲೂ ನೋಡುತ್ತೇನೆ. ಆದರೆ ಅಸೂಯೆಪಟ್ಟುಕೊಳ್ಳುವವರು ಮನೆಯಲ್ಲಿ ಇಬ್ಬರಿದ್ದರೆ ಅದು ಒಂದು ಬಗೆಯ ದಾಂಪತ್ಯ, ಒಬ್ಬರೇ ಇದ್ದರೆ ಬರೀ ಕಾಯಿಲೆ.

ಆ ಸಂಜೆ ನನ್ನ ಫೋನಿಗೆ ಒಂದು ಸಂದೇಶ ಬಂತು. ಅಭಿನಂದನೆಗಳು ಮಂಗಳಾ, ನೀವು ಓಟ ಮುಗಿಸಿದ್ದೀರಿ ಎಂದು ಹೇಳಿ, ಹಿಡಿದ ಸಮಯವನ್ನೂ ಕೊಟ್ಟಿದ್ದರು. ಹಿಂದಿನ ವರ್ಷ ಅದೇ ಘಾಟಿಯಲ್ಲಿ ನಾನು ಓಡಿದ್ದಕ್ಕಿಂತ ಅದು ನಾಲ್ಕು ನಿಮಿಷ ಕಡಿಮೆ. ಶಹನಾಜ್ ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮಾತ್ರ ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಕಾಲು ಕೊನೆಗೂ ಒಪ್ಪಿದೆ. ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಕಾಲುವೆ ರಸ್ತೆಯಲ್ಲಿ ನಮ್ಮನೆಯವರು ಬಾಳೆತೋಟದ ತಿರುವಿನಲ್ಲಿ ಮರೆಯಾಗುತ್ತಾರೆ, ನಾನು ಹಿಂದೆ ನನ್ನ ಪಾಡಿಗೆ ನಿಮಿಷ ಎಣಿಸುತ್ತೇನೆ. ನನ್ನ ಗುರಿ ಅವರಲ್ಲ. ಮುಂದಿನ ಸಲ ಸಂಡೂರಿನಲ್ಲಿ ನಾನು ಸಂದೇಶದಲ್ಲಿರುವ ಆ ಮಂಗಳಾಳನ್ನು ಹಿಂದೆ ಹಾಕಬೇಕು. ಇದನ್ನು ನಮ್ಮನೆಯವರಿಗೆ ಹೇಳಿಲ್ಲ. ಹೇಳಿದರೆ ಅವಳನ್ನು ಸೋಲಿಸಲು ಅವರೂ ಹೊರಟುಬಿಡುತ್ತಾರೆ.