ಜೂನ್ ಒಂದರಂದು ಹುಟ್ಟಿದ ದಾನಪ್ಪ

ಕೆನಡಾದ ವುಡ್‌ಬ್ರಿಡ್ಜಿನಲ್ಲಿರುವ ದಾನಪ್ಪನಿಗೆ ಅಮೆರಿಕದಲ್ಲಿ ಓಟಿಲ್ಲ, ನೆಂಟರಿಲ್ಲ, ಗೇಣು ಜಾಗವೂ ಇಲ್ಲ. ಆದರೂ ಅಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಕೆನಡಾದ ಚುನಾವಣೆಯಲ್ಲಿ ಖಾರವೇ ಇಲ್ಲ, ಜಗಳದ ನಡುವೆಯೂ ‘ಸಾರಿ’ ಕೇಳುತ್ತಾರೆ ಎಂಬುದು ಅವನ ದೂರು. ಹಾಗಾಗಿ ಸಂಜೆ ಫ್ಯಾಕ್ಟರಿಯಿಂದ ಬಂದವನೇ ಲುಂಗಿ ಸುತ್ತಿಕೊಂಡು ಅಮೆರಿಕದ ಚಾನೆಲ್ ಹಾಕಿ, ಸೋಫಾದ ತುದಿಗೆ ಕುಳಿತು ಟೀವಿಗೇ ಉತ್ತರ ಕೊಡುತ್ತಿದ್ದ.

“ಓಟು ಅವರ್ದು, ಬಿಪಿ ನಿಮ್ದು,” ಎನ್ನುತ್ತಿದ್ದಳು ಹೆಂಡತಿ ರುದ್ರವ್ವ.

ಬೈಲಹೊಂಗಲದ ಕಡೆಯ ದಾನಪ್ಪ ಕೆನಡಾಕ್ಕೆ ಬಂದು ಮೂವತ್ತು ವರ್ಷವಾಗುತ್ತ ಬಂದಿತ್ತು. ಕಾರಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಲೇಥ್ ಮಷಿನ್ನಿನ ಮುಂದೆ ನಿಂತು ಅವನ ಬಹುಪಾಲು ಆಯುಷ್ಯ ಕಳೆದಿತ್ತು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅವನ ಬೆರಳು ಸಹಿಸುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಅಂಥ ಅಳತೆ ಇರಲಿಲ್ಲ. ಮನಸ್ಸಿನಲ್ಲಿ ಹುಟ್ಟಿದ್ದು ಬಾಯಿಗೆ ಬರಲು ಅರೆಕ್ಷಣವೂ ಬೇಕಾಗುತ್ತಿರಲಿಲ್ಲ.

ಅವನಿಗೆ ಈ ದೇಶದಲ್ಲಿ ಸಿಕ್ಕ ತಮ್ಮನೆಂದರೆ ಗದಗಿನ ನಿಜಗುಣ. ಒಡಹುಟ್ಟಿದವನಲ್ಲ. ತೊಂಬತ್ತೇಳರಲ್ಲಿ ನಿಜಗುಣ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ, ವರ್ಕ್ ಪರ್ಮಿಟ್ಟಿನ ಅವಧಿಯೂ ಮುಗಿದು, ಸೂಟ್‌ಕೇಸು ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದ. ಕನ್ನಡ ಮಾತು ಕೇಳಿದ ಒಂದೇ ನೆಪಕ್ಕೆ ದಾನಪ್ಪ ಅವನನ್ನು ತನ್ನ ಬೇಸ್‌ಮೆಂಟಿಗೆ ಕರೆದುಕೊಂಡು ಬಂದ. ರುದ್ರವ್ವ ಆಗಿನ್ನೂ ಊರಿನಲ್ಲೇ ಇದ್ದಳು. ಇದ್ದದ್ದು ಒಂದೇ ಹಾಸಿಗೆ, ಅದರಲ್ಲೇ ಅರ್ಧ ಕೊಟ್ಟ. ಹನ್ನೊಂದು ತಿಂಗಳ ಮೇಲೆ ಒಬ್ಬ ವಕೀಲರ ದಯೆಯಿಂದ ನಿಜಗುಣನ ಕಾಗದಪತ್ರ ಸರಿಹೋದವು. ದಾನಪ್ಪನೇ ತನ್ನ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸವನ್ನೂ ಕೊಡಿಸಿದ.

ಪಾಸ್‌ಪೋರ್ಟಿನಲ್ಲಿ ಇಬ್ಬರೂ ಹುಟ್ಟಿದ್ದು ಜೂನ್ ಒಂದರಂದು, ಒಂದು ವರ್ಷದ ಅಂತರದಲ್ಲಿ. “ನಿಮ್ಮ ದೇಶದಲ್ಲಿ ಬೇರೆ ದಿನ ಯಾರೂ ಹೆರುವುದಿಲ್ಲವೇ?” ಎಂದು ಫ್ಯಾಕ್ಟರಿಯ ಇಟಾಲಿಯನ್ ಫೋರ್‌ಮನ್ ನಗುತ್ತಿದ್ದ. ಶಾಲೆಗೆ ಸೇರಿಸುವ ಮೇಷ್ಟರು ಎಲ್ಲ ಮಕ್ಕಳಿಗೂ ಶಾಲೆ ಶುರುವಾಗುವ ಜೂನ್ ಒಂದನ್ನೇ ಬರೆಯುತ್ತಿದ್ದರೆಂದು ಅವನಿಗೆ ತಿಳಿಹೇಳುವಷ್ಟು ಇಂಗ್ಲಿಷು ಆಗ ಇಬ್ಬರಿಗೂ ಇರಲಿಲ್ಲ. ಏನೇ ಇರಲಿ, ಆ ಲೆಕ್ಕದಲ್ಲಿ ದಾನಪ್ಪ ಒಂದು ವರ್ಷಕ್ಕೆ ದೊಡ್ಡವ, ನಿಜಗುಣ ಚಿಕ್ಕವ.

ಈ ಹಿರಿತನಕ್ಕೆ ಕಳೆ ಬರುತ್ತಿದ್ದುದು ವಿಜಯದಶಮಿಯಂದು. ಉತ್ತರ ಕರ್ನಾಟಕದವರು ಆ ದಿನ ಬಂಗಾರವೆಂದು ಬನ್ನಿ ಎಲೆ ಹಂಚಿಕೊಳ್ಳುತ್ತಾರಷ್ಟೆ. ಚಿಕ್ಕವರು ದೊಡ್ಡವರ ಮನೆಗೆ ಹೋಗಿ, ಕೈಗೆ ಎಲೆ ಕೊಟ್ಟು, ಕಾಲಿಗೆ ನಮಸ್ಕರಿಸಬೇಕು. ಮಾತು ಬಿಟ್ಟವರೂ ಅಂದು ಮಾತಾಡಬೇಕು. ಇಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು? ದಾನಪ್ಪನ ಫ್ಯಾಕ್ಟರಿಯ ಪಾರ್ಕಿಂಗ್ ಲಾಟಿನಲ್ಲಿ ಬನ್ನಿಯಂಥದೇ ಸಣ್ಣ ಸಣ್ಣ ಎಲೆಯ ಸಾಲುಮರಗಳಿದ್ದವು. ಅಕ್ಟೋಬರಿನಲ್ಲಿ ಅವು ತಾವಾಗಿಯೇ ಹಳದಿಯಾಗುತ್ತಿದ್ದವು. ಆ ಮರದ ಹೆಸರು ದಾನಪ್ಪನಿಗೆ ಗೊತ್ತಿರಲಿಲ್ಲ, ‘ಕೆನಡಾ ಬನ್ನಿ’ ಎಂದು ತಾನೇ ಇಟ್ಟಿದ್ದ. ಪ್ರತಿ ದಸರೆಗೆ ನಿಜಗುಣ ಬಂದು ಆ ಎಲೆಯನ್ನೇ ಕೊಟ್ಟು ಬಾಗುತ್ತಿದ್ದ. ದಾನಪ್ಪ ನೆಟ್ಟ ಕಂಬದಂತೆ ನಿಂತು ಆಶೀರ್ವಾದ ಮಾಡುತ್ತಿದ್ದ.

ದಾನಪ್ಪ ರುದ್ರವ್ವರಿಗೆ ಮಕ್ಕಳಾಗಲಿಲ್ಲ. ನಿಜಗುಣ ಬೇರೆ ಕೆಲಸ ಹಿಡಿದು ಒಶಾವಾ ಊರಿಗೆ ಮನೆ ಬದಲಿಸಿದ ಮೇಲೆ ಅವನ ಹೆಂಡತಿ ತೀರಿಕೊಂಡಳು. ಆಗ ಮಗಳು ಅಕ್ಷರಾಗೆ ಒಂಬತ್ತು ವರ್ಷ. ಶಾಲೆಗೆ ರಜೆ ಬಂದಾಗಲೆಲ್ಲ ಅವಳು ವುಡ್‌ಬ್ರಿಡ್ಜಿನಲ್ಲೇ. ರುದ್ರವ್ವ ಜಡೆ ಹಾಕುತ್ತಿದ್ದಳು, ದಾನಪ್ಪ ಸೈಕಲ್ಲು ಕಲಿಸಿದ. ಬಾಗಿಲಲ್ಲಿ ಕಾಲಿಡುವ ಮೊದಲೇ ಅವಳು “ದೊಡ್ಡಪ್ಪಾ!” ಎಂದು ಕೂಗಿದರೆ ಅವನಿಗೆ ಇನ್ನೇನೂ ಬೇಕಾಗುತ್ತಿರಲಿಲ್ಲ. ಈಗ ಅವಳಿಗೆ ಇಪ್ಪತ್ನಾಲ್ಕು. ಹೊಸದಾಗಿ ಈ ದೇಶಕ್ಕೆ ಬಂದ ಕುಟುಂಬಗಳಿಗೆ ಫಾರ್ಮು ತುಂಬಿಕೊಡುವ ಕಚೇರಿಯಲ್ಲಿ ಕೆಲಸ.

ಕೆಟ್ಟದ್ದು ನಡೆದದ್ದು ಸೆಪ್ಟೆಂಬರಿನ ಒಂದು ಭಾನುವಾರ. ಆ ವಾರವಷ್ಟೇ ಅಮೆರಿಕದ ಅಭ್ಯರ್ಥಿಗಳು ಟೀವಿಯಲ್ಲಿ ಎದುರುಬದುರು ನಿಂತು ವಾದ ಮಾಡಿದ್ದರು. ವಲಸೆ ಬಂದವರು ಹೇಗೆ ಬಂದರು ಎಂಬುದರಿಂದ ಹಿಡಿದು ಏನು ತಿನ್ನುತ್ತಾರೆ ಎಂಬುದರವರೆಗೆ ಮಾತು ಹರಿದಿತ್ತು. ನಿಜಗುಣ, ಅಕ್ಷರಾ ಊಟಕ್ಕೆ ಬಂದಿದ್ದರು. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

“ಬರ್ರಿ, ಯಾರ ಬ್ಯಾಡಂತಾರ?” ಎಂದು ದಾನಪ್ಪ ಶುರುಮಾಡಿದ. “ಆದ್ರ ಸಾಲಿನ್ಯಾಗ ನಿಂತು ಬರ್ರಿ. ಕಾಗದಾ ನೆಟ್ಟಗ ಇಟ್ಕೊಂಡು ಬರ್ರಿ. ಗಡಿ ಅಂದ್ರ ಹೊಲದ ಬದು ಇದ್ದಂಗ. ಯಾರ ಬೇಕಾದವ್ರು ದಾಟೂದಾದ್ರ ಬದು ಯಾಕ ಬೇಕು? ಬಂದ ಮ್ಯಾಲೆ ಆ ದೇಶದ ರೀತಿ ಕಲೀಬೇಕು!”

ಆ ದೇಶದ ರೀತಿಯ ಬಗ್ಗೆ ಹೇಳುವಾಗ ಅವನು ಬನಿಯನ್, ಲುಂಗಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿ ಮುರಿಯುತ್ತಿದ್ದ. ರುದ್ರವ್ವ ಮುಖ ಆಚೆ ತಿರುಗಿಸಿ ನಕ್ಕಳು.

ನಿಜಗುಣ ಮೆತ್ತಗೆ ಹೇಳಿದ. “ಅಣ್ಣಾ, ಲಂಚ್ ರೂಮಿನ್ಯಾಗ ನಾವು ಝುಣಕದ ಡಬ್ಬಿ ತಗದ್ರ ಜನಾ ಎದ್ದು ಬ್ಯಾರೆ ಟೇಬಲ್ಲಿಗೆ ಹೋಗ್ತಿದ್ರು. ಜನವರಿ ಚಳಿಯಾಗ ಕಾರಿನ್ಯಾಗ ಕುಂತು ಉಂಡಿದ್ದು ಮರತಿಯೇನು? ಹೊರಗಿಂದ ಬಂದಾವ ಏನ್ ತಿಂತಾನ ಅಂತ ಅವ್ರು ಅಂದ ಕೂಡ್ಲೆ ನನಗ ಅದ ನೆನಪಾತು.”

“ಅದು ಬ್ಯಾರೆ, ಇದು ಬ್ಯಾರೆ.”

“ನೋ, ದೊಡ್ಡಪ್ಪ. ಇಟ್ಸ್ ದ ಸೇಮ್,” ಎಂದಳು ಅಕ್ಷರಾ. “ನಾನು ದಿನಾ ನೋಡ್ತೀನಿ ಅವರನ್ನ. ಪೇಪರ್ಸ್ ಇಲ್ಲಾಂದ್ರ ಅವರು ಮನುಷ್ಯರಲ್ಲೇನು?”

ಮಗುವಿನ ಮಾತಿಗೆ ಸೋಲುವುದೇ? ದಾನಪ್ಪನಿಗೆ ರೇಗಿತು. “ಭಾಳ ಮಾತಾಡಬ್ಯಾಡವಾ. ನಿಮ್ಮಪ್ಪನ್ನ ಕೇಳು ಮೊದಲ. ಹನ್ನೊಂದು ತಿಂಗಳು ಪರ್ಮಿಟ್ಟಿಲ್ದ ಇಲ್ಲೆ ಅಡಗಿದ್ದ. ಪೊಲೀಸ್ ಕಾರ್ ಕಂಡ್ರ ಬಾತ್‌ರೂಮಿಗಿ ಹೋಗಿ ಚಿಲಕಾ ಹಾಕ್ಕೋತಿದ್ದ!”

ಅಕ್ಷರಾ ಅಪ್ಪನ ಕಡೆ ತಿರುಗಿದಳು. “ಅಪ್ಪಾ? ಈಸ್ ದಟ್ ಟ್ರೂ?”

ಇಪ್ಪತ್ನಾಲ್ಕು ವರ್ಷ ನಿಜಗುಣ ಮಗಳಿಗೆ ಹೇಳದೇ ಉಳಿಸಿಕೊಂಡಿದ್ದ ಮಾತು ಅದು. ಅವನು ತಟ್ಟೆ ಆಚೆ ಸರಿಸಿದ. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು, ಸಿಂಕಿನಲ್ಲಿ ಕೈ ತೊಳೆದುಕೊಂಡು, “ನಡಿಯವಾ, ಹೋಗೂಣು,” ಎಂದ. ತಪ್ಪು ಮಾಡಿದೆನೆಂದು ದಾನಪ್ಪನಿಗೆ ಆ ಕ್ಷಣವೇ ತಿಳಿಯಿತು. ಓಡಿಹೋಗಿ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಕಾರು ಹೋದ ಮೇಲೆ, “ನಾ ಏನ್ ಸುಳ್ಳ ಹೇಳೀನೇನು?” ಎಂದು ರುದ್ರವ್ವನ ಮೇಲೆ ಹಾರಾಡಿದ. ಅವಳು ಆ ಅರ್ಧ ರೊಟ್ಟಿಯನ್ನು ತೆಗೆದಿಟ್ಟಳು.

ನಾಲ್ಕು ವಾರ ಒಶಾವಾದಿಂದ ಫೋನಿಲ್ಲ, ಇವನೂ ಮಾಡಲಿಲ್ಲ. ಟೀವಿಯಲ್ಲಿ ಚುನಾವಣೆ ಕಾವೇರುತ್ತಲೇ ಇತ್ತು, ಆದರೆ ದಾನಪ್ಪನಿಗೆ ಬೇಸರ ಹಿಡಿಯಿತು. ಎದುರು ಮಾತಾಡುವವನೇ ಇಲ್ಲದಿದ್ದರೆ ವಾದದಲ್ಲಿ ಏನು ಸುಖ? ಗಡಿಯ ಸುದ್ದಿ ಬಂದಾಗ, ತಂತಿಬೇಲಿಯ ಪಕ್ಕ ಚೀಲ ತಬ್ಬಿಕೊಂಡು ಕುಳಿತವರನ್ನು ತೋರಿಸಿದಾಗ, ಬಸ್ ಸ್ಟಾಪಿನ ಆ ಸೂಟ್‌ಕೇಸು ಅವನ ಕಣ್ಣಿಗೆ ಬರುತ್ತಿತ್ತು. ಚಾನೆಲ್ ಬದಲಿಸುತ್ತಿದ್ದ.

ವಿಜಯದಶಮಿ ಶನಿವಾರ ಬಂತು. ಶುಕ್ರವಾರವೇ ದಾನಪ್ಪ ಫ್ಯಾಕ್ಟರಿಯಿಂದ ಊಟದ ಚೀಲದಲ್ಲಿ ಎರಡು ಹಿಡಿ ಹಳದಿ ಎಲೆ ತಂದಿಟ್ಟಿದ್ದ. ಪ್ರತಿ ವರ್ಷ ನಾಲ್ಕು ಗಂಟೆಗೆ ಸರಿಯಾಗಿ ನಿಜಗುಣನ ಕಾರು ಬರುತ್ತಿತ್ತು. ದಾನಪ್ಪ ಮೂರೂವರೆಗೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಬಳಿ ಕುಳಿತ. ನಾಲ್ಕಾಯಿತು. ಐದೂ ಆಯಿತು.

“ಅವರು ಬರಾಂಗಿಲ್ಲ. ನೀವ ಹೋಗ್ರಿ,” ಎಂದಳು ರುದ್ರವ್ವ.

“ದೊಡ್ಡಾವ ಸಣ್ಣಾವನ ಮನಿಗಿ ಹೋಗಿ ಬನ್ನಿ ಕೊಡೂದು ಎಲ್ಲರ ಐತೇನು? ಪದ್ಧತಿ ಅನ್ನೂದೊಂದು ಇರತೈತಿ.”

“ದೊಡ್ಡಾವ ಯಾರು?”

ದಾನಪ್ಪ ಕಿಟಕಿಯ ಕಡೆಗೇ ನೋಡುತ್ತ ಕುಳಿತ. ಈ ಪ್ರಶ್ನೆಯನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಉತ್ತರ ಮಾತ್ರ ಅವಳಿಗೆ ಗೊತ್ತಿತ್ತು, ಅತ್ತೆ ದ್ಯಾಮವ್ವ ನಗುನಗುತ್ತ ಹೇಳಿದ್ದಳು. ಆಗ ಶಾಲೆಗೆ ಸೇರಬೇಕಾದರೆ ತಲೆಯ ಮೇಲಿಂದ ಕೈ ಹಾಕಿ ಆಚೆಯ ಕಿವಿ ಮುಟ್ಟಬೇಕು. ಪುಟ್ಟ ದಾನಪ್ಪನ ಬೆರಳು ಕಿವಿಯ ಹತ್ತಿರಕ್ಕೂ ಹೋಗಲಿಲ್ಲ. ಅವನು ಅಳತೊಡಗಿದ. ಮೇಷ್ಟರಿಗೆ ಕನಿಕರ ಬಂದು, ಕತ್ತನ್ನು ಒಂದಿಷ್ಟು ಬಾಗಿಸಿ, ಕಿವಿ ಮುಟ್ಟಿಸಿ, ವಯಸ್ಸು ಹೆಚ್ಚಿಗೆ ಬರೆದುಕೊಂಡರು. ನಿಜಗುಣನದು ತಾರೀಖಷ್ಟೇ ಸುಳ್ಳು, ವರ್ಷ ನಿಜ. ಅವನು ಆ ವರ್ಷದ ಸಂಕ್ರಾಂತಿಗೆ ಹುಟ್ಟಿದವ. ದಾನಪ್ಪ ಹುಟ್ಟಿದ್ದು ಅದೇ ವರ್ಷದ ಶ್ರಾವಣದಲ್ಲಿ. ಅಂದರೆ ಏಳು ತಿಂಗಳಿಗೆ ಚಿಕ್ಕವನು. ಅದನ್ನು ಗುಟ್ಟಾಗಿಟ್ಟುಕೊಂಡು ಇಷ್ಟು ವರ್ಷ ಕಾಲಿಗೆ ಬೀಳಿಸಿಕೊಂಡಿದ್ದ.

“ಕಾಗದಾ ನೆಟ್ಟಗ ಇರಬೇಕಂತ ಹುಡುಗಿ ಮುಂದ ಭಾಷಣಾ ಮಾಡಿದ್ರಿ,” ಎಂದಳು ರುದ್ರವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಕಾಗದದಾಗ ಹುಟ್ಟಿದ ದಿನಾನ ಸುಳ್ಳು. ಯಾರರ ನಿಮ್ಮನ್ನ ಗಡಿ ದಾಟಿಸಿ ಕಳಿಸ್ಯಾರೇನು?”

ದಾನಪ್ಪ ಎದ್ದು ಕಾರಿನ ಕೀಲಿ ತೆಗೆದುಕೊಂಡ. “ನೀನೂ ಬಾ,” ಎಂದ.

“ಒಲ್ಲೆ. ಅಂದ ಬಾಯಿ ನಿಮ್ದು, ಆ ಬಾಯಿನ ಹೋಗಿ ಹೇಳಲಿ.” ಎಲೆಯ ಚೀಲವನ್ನು ಅವಳೇ ಅವನ ಕೈಗಿಟ್ಟಳು.

ಒಶಾವಾಕ್ಕೆ ಹೈವೇಯಲ್ಲಿ ಒಂದು ತಾಸು. ದಾರಿಯುದ್ದಕ್ಕೂ ಮಾತು ಜೋಡಿಸಿದ, ಕೆಡಿಸಿದ, ಮತ್ತೆ ಜೋಡಿಸಿದ. ಬಾಗಿಲು ತೆಗೆದವಳು ಅಕ್ಷರಾ. “ಹಾಯ್,” ಎಂದಳು. ಅಷ್ಟೇ. ಮುಂದೆ ಬರಬೇಕಾದ ಆ ಒಂದು ಶಬ್ದ ಬರಲಿಲ್ಲ. ದಾರಿಯಲ್ಲಿ ಜೋಡಿಸಿದ್ದೆಲ್ಲ ಅಲ್ಲೇ ಮರೆತುಹೋಯಿತು. ಒಳಗೆ ನಿಜಗುಣ ಟೀವಿಯ ದನಿ ಕಡಿಮೆ ಮಾಡಿ ಎದ್ದು ನಿಂತ. ಪರದೆಯ ಮೇಲೆ ಅದೇ ಅಮೆರಿಕ, ಅದೇ ಕೆಂಪು ನೀಲಿ ನಕಾಶೆ.

ದಾನಪ್ಪ ಬಾಗಿಲ ಬಳಿಯೇ ನಿಂತ. “ಅಕ್ಷರಾ, ನೀ ಒಳಗ ಹೋಗಬ್ಯಾಡ. ನಿನ್ನ ಮುಂದ ಅಂದಿದ್ದೆ, ನಿನ್ನ ಮುಂದನ ಹೇಳಬೇಕು. ನಾ ನಿಮ್ಮಪ್ಪಗಿಂತ ದೊಡ್ಡಾವಲ್ಲ. ಏಳು ತಿಂಗಳಿಗಿ ಸಣ್ಣಾವ. ಸಾಲ್ಯಾಗ ಮಾಸ್ತರು ಸುಳ್ಳ ವಯಸ್ಸ ಬರಕೊಂಡಾರ. ಈ ದೇಶಕ್ಕ ಬರೂಮುಂದ ಅದ ಸುಳ್ಳ ಫಾರ್ಮಿನ್ಯಾಗ ಬರದು, ಕೆಳಗ ‘ಎಲ್ಲಾ ಖರೇ’ ಅಂತ ಸಹಿ ಹಾಕೀನಿ. ನಿಮ್ಮಪ್ಪ ಹನ್ನೊಂದು ತಿಂಗಳು ಕಾಗದಾ ಇಲ್ದ ಇದ್ದ. ನಾ ಹುಡುಗ ಇದ್ದಾಗಿಂದ ಸುಳ್ಳ ಕಾಗದದ ಮ್ಯಾಲ ಬದುಕೀನಿ. ನಾ ಯಾವ ಬಾಯಿಲೆ ಅವಂಗ ಅನ್ನಬೇಕು?”

ಮೊಣಕಾಲು ಲಟಕ್ಕೆಂದವು. ಬಗ್ಗಿದ. “ಬನ್ನಿ ತಗೋ, ಅಣ್ಣಾ. ಬಂಗಾರದಂಗ ಇರೂಣು. ತಪ್ಪಾತು.”

ಕಾಲು ಮುಟ್ಟುವ ಮೊದಲೇ ನಿಜಗುಣ ಅವನ ಭುಜ ಹಿಡಿದ. “ನನಗ ಗೊತ್ತಿತ್ತು.”

“ಏನು?”

“ನೀ ಸಣ್ಣಾವ ಅಂತ. ಬೇಸ್‌ಮೆಂಟಿನ್ಯಾಗಿದ್ದಾಗ, ನೀ ಶಿಫ್ಟಿಗಿ ಹೋಗಿದ್ದಿ, ನಿಮ್ಮವ್ವ ಫೋನ್ ಮಾಡಿದ್ಲು. ನೀ ಎಂದ ಹುಟ್ಟಿದಾವಪ್ಪಾ ಅಂತ ಕೇಳಿದ್ಲು, ವರ್ಷಾ ಹೇಳಿ, ಸಂಕ್ರಾಂತಿಗಿ ಅಂದೆ. ‘ಹಂಗಾದ್ರ ನನ್ನ ಮಗಾ ಸಣ್ಣಾವ, ಅವನ್ನ ನೋಡ್ಕೋ’ ಅಂದ್ಲು.”

“ಮತ್ತ ಇಷ್ಟ ವರ್ಷ ಯಾಕ ನನ್ನ ಕಾಲಿಗಿ ಬಿದ್ದಿ?”

ನಿಜಗುಣ ಅವನನ್ನು ಎತ್ತಿ ನಿಲ್ಲಿಸಿದ. “ಹಾಸಿಗಿ ಒಂದ ಇತ್ತು. ಗ್ವಾಡಿ ಕಡೆ ನನ್ನ ಮಲಗಿಸಿ, ಬಾಗಲದ ಕಡೆ ನೀ ಮಲಗತಿದ್ದಿ. ಯಾರರ ಹುಡಕ್ಕೊಂಡು ಬಂದ್ರ ಮೊದಲ ನೀ ಏಳಬೇಕಂತ. ಹನ್ನೊಂದು ತಿಂಗಳು, ಒಂದಿನಾ ಬಾಜು ಬದಲಿ ಮಾಡಲಿಲ್ಲ. ದೊಡ್ಡಾವ ಅನ್ನಾಕ ಮತ್ತೇನ ಬೇಕು?”

ದಾನಪ್ಪನಿಗೆ ಅಳು ತಡೆಯಲಾಗಲಿಲ್ಲ. ಅರವತ್ತರ ಗಂಡಸು ಎಲೆಯ ಚೀಲದಿಂದಲೇ ಕಣ್ಣೊರೆಸಿಕೊಂಡ. ಅಕ್ಷರಾ ಅಪ್ಪನನ್ನು ನೋಡಿದಳು, ಇವನನ್ನು ನೋಡಿದಳು. ಅವಳ ಕಣ್ಣೂ ತುಂಬಿತ್ತು.

“ದೊಡ್ಡಪ್ಪ, ಶೂಸ್ ಬಿಚ್ಚಿ ಒಳಗ ಬಾ,” ಎಂದಳು.

“ಇನ್ನ ಕಾಕಾ ಅನ್ನಬೇಕವಾ. ಅಪ್ಪನ ತಮ್ಮಗ ಕಾಕಾ ಅಂತಾರ.”

“ನೋ ವೇ. ಪೇಪರ್‌ನ್ಯಾಗ ದೊಡ್ಡಪ್ಪ ಅಂತನ ಐತಿ. ಐ ಆ್ಯಮ್ ನಾಟ್ ಚೇಂಜಿಂಗ್ ದ ಪೇಪರ್‌ವರ್ಕ್.”

ಮೂವರೂ ನಕ್ಕರು. ಚಹಾ ಬಂತು. ಟೀವಿಯಲ್ಲಿ ಯಾರೋ ಗಡಿಯ ಬಗ್ಗೆ ಮಾತು ತೆಗೆದರು. ಹಳೆಯ ಚಟ, ದಾನಪ್ಪ ಕಪ್ಪು ಕೆಳಗಿಟ್ಟು, “ಆದ್ರೂ ಸಾಲು ಅನ್ನೂದು ಒಂದು…” ಎಂದು ಬಾಯಿ ತೆರೆದ.

“ಜೂನ್ ಒಂದು,” ಎಂದಳು ಅಕ್ಷರಾ.

ಅವನು ಕಪ್ಪನ್ನು ಮತ್ತೆ ಎತ್ತಿಕೊಂಡ. ನಿಜಗುಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೊರಡುವ ಮುಂಚೆ ಅಕ್ಷರಾ ಚೀಲದಿಂದ ಒಂದು ಹಿಡಿ ಎಲೆ ತೆಗೆದುಕೊಂಡು ಇಬ್ಬರ ಮುಂದೆ ಬಂದು ನಿಂತಳು. ಮೊದಲು ಯಾರಿಗೆ ಕೊಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ. ಅಪ್ಪನ ಮುಖ ನೋಡಿದಳು. ನಿಜಗುಣ ಗದ್ದ ಎತ್ತಿ ದಾನಪ್ಪನ ಕಡೆ ತೋರಿಸಿದ. ಪ್ರತಿ ವರ್ಷದಂತೆ ಅವಳು ಮೊದಲು ದಾನಪ್ಪನ ಕೈಗೆ ಬನ್ನಿ ಇಟ್ಟು, ಅವನ ಕಾಲಿಗೆ ಬಾಗಿದಳು.